ವಿದ್ಯಾರ್ಥಿಗಳ ಸುರಕ್ಷಿತ ವಿದೇಶ ಪ್ರಯಾಣ ಸಿದ್ಧತೆ

ವಿದ್ಯಾರ್ಥಿಗಳ ಸುರಕ್ಷಿತ ವಿದೇಶ ಪ್ರಯಾಣ ಸಿದ್ಧತೆ ಎಂಬುದು ವ್ಯಾಸಂಗ, ತರಬೇತಿ ಅಥವಾ ಉದ್ಯೋಗಕ್ಕಾಗಿ ಹೊರದೇಶಕ್ಕೆ ಹೋಗಲಿರುವ ವಿದ್ಯಾರ್ಥಿಗಳಿಗೆ ಅಗತ್ಯವಾದ ತಿಳಿವಳಿಕೆ ಮತ್ತು ಅಭ್ಯಾಸಗಳನ್ನು ಕಲಿಸುವ ಶಿಕ್ಷಣದ ಭಾಗವಾಗಿದೆ. ದಾಖಲೆಗಳ ಹೊಂದಾಣಿಕೆ, ಪಾಸ್‌ಪೋರ್ಟ್ ಮತ್ತು ವೀಸಾ, ಸಂಸ್ಥೆ ಹಾಗೂ ಮಧ್ಯವರ್ತಿಗಳ ಪರಿಶೀಲನೆ, ಆರೋಗ್ಯ, ಹಣಕಾಸು, ಹೋಗುವ ದೇಶದ ಕಾನೂನು ಮತ್ತು ಆಪತ್ತಿನಲ್ಲಿ ನೆರವು ಪಡೆಯುವ ವಿಧಾನ ಇವು ಅದರ ಮುಖ್ಯ ಅಂಗಗಳು. ವಿದೇಶದಲ್ಲಿ ಎದುರಾಗುವ ತೊಂದರೆಗಳಲ್ಲಿ ಹಲವಕ್ಕೆ ಮೂಲ ಊರು ಬಿಡುವ ಮೊದಲೇ ಉಳಿದುಹೋದ ಲೋಪಗಳಲ್ಲಿರುತ್ತದೆ. ಆದ್ದರಿಂದ ಈ ಸಿದ್ಧತೆಯನ್ನು ವಿಮಾನದ ಟಿಕೆಟ್ ಕೊಂಡ ಮೇಲೆ ಅಲ್ಲ, ಪ್ರೌಢಶಾಲೆಯ ಹಂತದಲ್ಲಿಯೇ ಆರಂಭಿಸಬೇಕಾಗುತ್ತದೆ. ಈ ಲೇಖನವು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಸಂದರ್ಭವನ್ನು ಮುಖ್ಯವಾಗಿಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ.

ಹಿನ್ನೆಲೆ

ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ಮೈಸೂರು ಜಿಲ್ಲೆಗೂ, 1997ರಲ್ಲಿ ಹೊಸದಾಗಿ ರಚನೆಯಾದ ಚಾಮರಾಜನಗರ ಜಿಲ್ಲೆಗೂ ಸೇರಿತು. ಮಲೆ ಮಹದೇಶ್ವರ ಬೆಟ್ಟವನ್ನು ಒಳಗೊಂಡ ಹನೂರು ಭಾಗವು ಮುಂದೆ ಕೊಳ್ಳೇಗಾಲದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಬಿಳಿಗಿರಿರಂಗನ ಬೆಟ್ಟವು ಯಳಂದೂರು ತಾಲ್ಲೂಕಿನಲ್ಲಿದೆ. ರೇಷ್ಮೆ, ವ್ಯವಸಾಯ ಮತ್ತು ಕೂಲಿ ಇಲ್ಲಿನ ಅನೇಕ ಕುಟುಂಬಗಳ ಜೀವನಾಧಾರ. ಸೋಲಿಗರ ಪೋಡುಗಳೂ, ಒಡೆಯರಪಾಳ್ಯದ ಟಿಬೆಟನ್ ನಿರಾಶ್ರಿತರ ವಸತಿಯೂ ಇದೇ ಪ್ರದೇಶದಲ್ಲಿವೆ.

ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಯಾವುದಕ್ಕೂ ರೈಲು ಸಂಪರ್ಕವಿಲ್ಲ. ಅಂತರರಾಷ್ಟ್ರೀಯ ವಿಮಾನ ಹಿಡಿಯಲು ಸಾಮಾನ್ಯವಾಗಿ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗಬೇಕಾಗುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ವಿದ್ಯಾರ್ಥಿಗೆ ಪಾಸ್‌ಪೋರ್ಟ್, ವೀಸಾ, ವಿಮೆ ಮುಂತಾದವುಗಳ ಬಗ್ಗೆ ಹೇಳಿಕೊಡುವ ಹಿರಿಯರು ಮನೆಯಲ್ಲಿ ಇರುವುದು ಅಪರೂಪ. ಆ ತೆರವನ್ನು ತುಂಬಬಲ್ಲ ಸಂಸ್ಥೆ ಶಾಲೆ ಮಾತ್ರ. ಇಲ್ಲವಾದರೆ ಹಣ ಪಡೆಯುವ ಮಧ್ಯವರ್ತಿಯ ಮಾತೇ ಕೊನೆಯ ಮಾತಾಗುತ್ತದೆ.

ಉದ್ಯೋಗಕ್ಕಾಗಿ ಕೆಲವು ನಿರ್ದಿಷ್ಟ ದೇಶಗಳಿಗೆ ಹೋಗುವ ಕಾರ್ಮಿಕರಿಗೆ ಭಾರತ ಸರ್ಕಾರದ ವಿದೇಶಾಂಗ ವ್ಯವಹಾರಗಳ ಸಚಿವಾಲಯವು 2018ರಿಂದ ಒಂದು ದಿನದ ಪ್ರಯಾಣಪೂರ್ವ ತರಬೇತಿಯನ್ನು ನಡೆಸುತ್ತಿದೆ. ವ್ಯಾಸಂಗಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಅಂತಹ ಕಡ್ಡಾಯ ತರಬೇತಿ ಇಲ್ಲ.

ಹೆಸರು ಮತ್ತು ಜನ್ಮದಿನಾಂಕದ ಏಕರೂಪತೆ

ಹಳೆಯ ಮೈಸೂರು ಭಾಗದಲ್ಲಿ ಮನೆತನದ ಹೆಸರನ್ನು ಬಳಸುವ ರೂಢಿ ಕಡಿಮೆ. ವ್ಯಕ್ತಿಯ ಹೆಸರಿನ ಜೊತೆಗೆ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಇನಿಷಿಯಲ್ ಆಗಿ ಬರೆಯಲಾಗುತ್ತದೆ. ಒಬ್ಬನೇ ವಿದ್ಯಾರ್ಥಿಯು ಶಾಲಾ ದಾಖಲಾತಿಯಲ್ಲಿ 'ಮಹದೇಶ', ಆಧಾರ್ ಕಾರ್ಡಿನಲ್ಲಿ 'ಮಾದೇಶ', ಅಂಕಪಟ್ಟಿಯಲ್ಲಿ 'ಮಹದೇಶ ಎಂ.' ಎಂದಿರಬಹುದು. ಊರಿನಲ್ಲಿ ಇದರಿಂದ ಯಾವ ತೊಡಕೂ ಆಗುವುದಿಲ್ಲ. ಆದರೆ ವೀಸಾ ಅಧಿಕಾರಿಯ ದೃಷ್ಟಿಯಲ್ಲಿ ಈ ಮೂವರು ಬೇರೆ ಬೇರೆ ವ್ಯಕ್ತಿಗಳಾಗಬಹುದು. ಕನ್ನಡದಲ್ಲಿ ಒಂದೇ ಆಗಿರುವ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಇದೇ ಸಮಸ್ಯೆ ಉಂಟಾಗುತ್ತದೆ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಪೂರ್ಣ ರೂಪದಲ್ಲಿ ಬರೆಯಬೇಕು. ಕುಲನಾಮದ ಜಾಗವನ್ನು ಖಾಲಿ ಬಿಡಲು ಭಾರತದ ನಿಯಮಗಳಲ್ಲಿ ಅವಕಾಶವಿದೆ, ಆದರೆ ಎಲ್ಲ ದೇಶಗಳೂ ಅದನ್ನು ಸರಳವಾಗಿ ಸ್ವೀಕರಿಸುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರ್ 21ರಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರುಳ್ಳ ಪ್ರವಾಸಿಗರಿಗೆ ಭೇಟಿ ವೀಸಾದ ಮೇಲೆ ಪ್ರವೇಶವನ್ನು ನಿರ್ಬಂಧಿಸಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ವಿನಾಯಿತಿ ನೀಡುವುದಾಗಿ ನಂತರ ತಿಳಿಸಿತು. ಅಮೆರಿಕದ ವೀಸಾದಲ್ಲಿ ಕುಲನಾಮವಿಲ್ಲದವರ ಹೆಸರನ್ನೇ ಕುಲನಾಮದ ಜಾಗದಲ್ಲಿಟ್ಟು, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಮುದ್ರಿಸುತ್ತಾರೆ. ಮೊದಲ ಹೆಸರು ತಿಳಿದಿಲ್ಲ ಎಂಬುದು ಅದರ ಅರ್ಥ. ಇದೇ ಹೆಸರು ಅಲ್ಲಿನ ಬ್ಯಾಂಕ್ ಖಾತೆ, ಚಾಲನಾ ಪರವಾನಗಿಗಳಿಗೂ ಮುಂದುವರಿಯುವ ಸಾಧ್ಯತೆ ಇರುತ್ತದೆ.

ಇದನ್ನು ಸರಿಪಡಿಸಲು ಅತ್ಯಂತ ಸುಲಭದ ಕಾಲ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮೊದಲಿನದು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ವಿದ್ಯಾರ್ಥಿಗಳ ವಿವರಗಳನ್ನು ಕಳುಹಿಸುವುದು ಶಾಲೆಯ ಮುಖ್ಯೋಪಾಧ್ಯಾಯರು. ಆ ಹಂತದಲ್ಲಿ ವಿದ್ಯಾರ್ಥಿಯ ಹೆಸರು, ತಂದೆತಾಯಿಯರ ಹೆಸರು ಮತ್ತು ಜನ್ಮದಿನಾಂಕಗಳನ್ನು ಜನನ ಪ್ರಮಾಣಪತ್ರ ಹಾಗೂ ಆಧಾರ್‌ಗಳೊಂದಿಗೆ ತಾಳೆ ನೋಡಿದರೆ ಕೆಲಸ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದುಪಡಿಗೆ ಅರ್ಜಿ, ಪ್ರಮಾಣಪತ್ರ ಮತ್ತು ಕಚೇರಿಗಳ ಅಲೆದಾಟ ಅನಿವಾರ್ಯವಾಗುತ್ತದೆ.

ಜನನ ನೋಂದಣಿಯೂ ಇಷ್ಟೇ ಮುಖ್ಯ. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಒಂದು ವರ್ಷ ಕಳೆದ ಪ್ರಕರಣಗಳಲ್ಲಿ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಪೋಡಿನಲ್ಲಿ ಅಥವಾ ಮನೆಯಲ್ಲಿ ಹುಟ್ಟಿ ನೋಂದಣಿಯಾಗದೆ ಉಳಿದ ಮಕ್ಕಳನ್ನು ಶಾಲೆಯೇ ಗುರುತಿಸಿ ಪೋಷಕರಿಗೆ ತಿಳಿಸಿದರೆ ಮುಂದಿನ ದಾರಿ ಸುಗಮವಾಗುತ್ತದೆ. 2023ರ ಅಕ್ಟೋಬರ್ 1ರಂದು ಮತ್ತು ಆ ನಂತರ ಹುಟ್ಟಿದವರಿಗೆ ಪಾಸ್‌ಪೋರ್ಟ್ ಪಡೆಯಲು ಜನ್ಮದಿನಾಂಕದ ಆಧಾರವಾಗಿ ಜನನ ಪ್ರಮಾಣಪತ್ರವೊಂದೇ ಮಾನ್ಯ. ಅದಕ್ಕೆ ಮೊದಲು ಹುಟ್ಟಿದವರಿಗೆ ಶಾಲಾ ವರ್ಗಾವಣೆ ಪತ್ರ, ಅಂಕಪಟ್ಟಿ ಮುಂತಾದ ಬೇರೆ ದಾಖಲೆಗಳನ್ನೂ ನೀಡಲು ಅವಕಾಶವಿದೆ.

ಪಾಸ್‌ಪೋರ್ಟ್

ಭಾರತದಲ್ಲಿ ಪಾಸ್‌ಪೋರ್ಟ್‌ಗಳನ್ನು 1967ರ ಪಾಸ್‌ಪೋರ್ಟ್ ಕಾಯ್ದೆಯ ಅಡಿಯಲ್ಲಿ ನೀಡಲಾಗುತ್ತದೆ. ಅರ್ಜಿಯನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ತುಂಬಿ, ಶುಲ್ಕ ಕಟ್ಟಿ, ಭೇಟಿಯ ದಿನವನ್ನು ಗೊತ್ತುಮಾಡಿಕೊಳ್ಳಬೇಕು. ನಿಗದಿತ ದಿನ ಮೂಲ ದಾಖಲೆಗಳೊಂದಿಗೆ ಸೇವಾ ಕೇಂದ್ರಕ್ಕೆ ಹೋಗಬೇಕು. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆಯು ದೇಶದಲ್ಲಿ ಮೊದಲಿಗೆ ಆರಂಭವಾದದ್ದು 2017ರ ಜನವರಿ 25ರಂದು, ಮೈಸೂರು ಮತ್ತು ಗುಜರಾತಿನ ದಾಹೋದ್‌ಗಳಲ್ಲಿ. ಅದಕ್ಕೆ ಮೊದಲು ಪಾಸ್‌ಪೋರ್ಟಿಗಾಗಿ ಬೆಂಗಳೂರಿನವರೆಗೆ ಹೋಗಬೇಕಾಗಿದ್ದ ಕೊಳ್ಳೇಗಾಲ ಸೀಮೆಯವರಿಗೆ ಇದರಿಂದ ದೂರ ಅರ್ಧದಷ್ಟಾಯಿತು.

ವಯಸ್ಕರಿಗೆ 36 ಪುಟಗಳ ಪಾಸ್‌ಪೋರ್ಟಿನ ಸಾಮಾನ್ಯ ಶುಲ್ಕ 1,500 ರೂಪಾಯಿ, ಅವಧಿ 10 ವರ್ಷ. ತತ್ಕಾಲ್ ವ್ಯವಸ್ಥೆಗೆ ಹೆಚ್ಚುವರಿಯಾಗಿ 2,000 ರೂಪಾಯಿ ಕಟ್ಟಬೇಕು. ಅರ್ಜಿದಾರರ ಪೂರ್ವಾಪರವನ್ನು ಸ್ಥಳೀಯ ಪೊಲೀಸ್ ಠಾಣೆಯು ಪರಿಶೀಲಿಸುತ್ತದೆ. ಆ ಸಮಯದಲ್ಲಿ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿ ವಾಸವಿರುವುದು ಖಚಿತವಾಗಬೇಕಾದ್ದರಿಂದ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು ವಿಳಾಸದ ಬಗ್ಗೆ ಮೊದಲೇ ಯೋಚಿಸಬೇಕು. ಹಲವು ದೇಶಗಳು ಪ್ರವೇಶದ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಪಾಸ್‌ಪೋರ್ಟಿನಲ್ಲಿ ಉಳಿದಿರಬೇಕೆಂದು ಕೇಳುತ್ತವೆ.

ಎಸ್‌ಎಸ್‌ಎಲ್‌ಸಿ ಮತ್ತು ವಲಸೆ ಅನುಮತಿ

1983ರ ವಲಸೆ ಕಾಯ್ದೆಯ ಪ್ರಕಾರ ಹತ್ತನೆಯ ತರಗತಿ ಉತ್ತೀರ್ಣರಾಗದವರು ಮೊದಲಾದ ಕೆಲವು ವರ್ಗದವರ ಪಾಸ್‌ಪೋರ್ಟ್ 'ಇಸಿಆರ್' ವರ್ಗಕ್ಕೆ ಸೇರುತ್ತದೆ. ಇವರು ಸೌದಿ ಅರೇಬಿಯ, ಕುವೈತ್, ಕತಾರ್, ಒಮಾನ್, ಬಹ್ರೇನ್, ಸಂಯುಕ್ತ ಅರಬ್ ಸಂಸ್ಥಾನ, ಮಲೇಷ್ಯಾ ಮುಂತಾದ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವ ಮೊದಲು ವಲಸೆ ರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಎಸ್‌ಎಸ್‌ಎಲ್‌ಸಿ ಉತ್ತೀರ್ಣರಾದವರಿಗೆ ಈ ಅನುಮತಿ ಬೇಕಿಲ್ಲ.

ಈ ನಿಯಮವನ್ನು ಅಡಚಣೆಯೆಂದು ತಿಳಿಯುವವರೇ ಹೆಚ್ಚು. ವಾಸ್ತವದಲ್ಲಿ ಅದು ರಕ್ಷಣೆಗಾಗಿ ಇರುವುದು. ಅನುಮತಿ ನೀಡುವಾಗ ಉದ್ಯೋಗದ ಒಪ್ಪಂದವನ್ನು ನೋಡಲಾಗುತ್ತದೆ. ಇವರಿಗಾಗಿಯೇ ಇರುವ ಪ್ರವಾಸಿ ಭಾರತೀಯ ಬೀಮಾ ಯೋಜನೆಯಲ್ಲಿ ಅಪಘಾತದಿಂದ ಉಂಟಾಗುವ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿಗಳ ವಿಮೆ ದೊರೆಯುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಭೇಟಿ ವೀಸಾದ ಮೇಲೆ ಕಳುಹಿಸಿ ಅಲ್ಲಿಯೇ ಕೆಲಸಕ್ಕೆ ಸೇರಿಸುವುದಾಗಿ ಹೇಳುವ ಮಧ್ಯವರ್ತಿಯು ಈ ಎಲ್ಲ ರಕ್ಷಣೆಗಳನ್ನೂ ತಪ್ಪಿಸುತ್ತಾನೆ. ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ಶಾಲೆ ಬಿಡುವ ವಿದ್ಯಾರ್ಥಿಗಳಿಗೆ ಈ ಸಂಗತಿ ತಿಳಿದಿರುವುದು ಅತ್ಯಗತ್ಯ. ಏಕೆಂದರೆ ಮುಂದೆ ಅವರನ್ನು ಕೂಡಿಸಿ ಹೇಳಲು ತರಗತಿಯೇ ಇರುವುದಿಲ್ಲ.

ಒಡೆಯರಪಾಳ್ಯದ ಟಿಬೆಟನ್ ವಿದ್ಯಾರ್ಥಿಗಳು

ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಧೋಂಡೆನ್‌ಲಿಂಗ್ ಟಿಬೆಟನ್ ವಸತಿಯಿದೆ. ಟಿಬೆಟನ್ ನಿರಾಶ್ರಿತರು ಸಾಮಾನ್ಯವಾಗಿ ಪಾಸ್‌ಪೋರ್ಟಿನ ಬದಲಿಗೆ ಭಾರತ ಸರ್ಕಾರ ನೀಡುವ ಗುರುತಿನ ಪ್ರಮಾಣಪತ್ರದ ಮೇಲೆ ವಿದೇಶ ಪ್ರಯಾಣ ಮಾಡುತ್ತಾರೆ. ಇದರ ರಕ್ಷಾಪುಟದ ಬಣ್ಣದಿಂದಾಗಿ ಇದಕ್ಕೆ 'ಹಳದಿ ಪುಸ್ತಕ' ಎಂಬ ಹೆಸರೂ ಇದೆ. ಈ ಪತ್ರದ ಮೇಲೆ ವೀಸಾ ಪಡೆಯುವ ಮತ್ತು ಭಾರತಕ್ಕೆ ಮರಳುವ ನಿಯಮಗಳು ಪಾಸ್‌ಪೋರ್ಟಿನ ನಿಯಮಗಳಿಗಿಂತ ಭಿನ್ನವಾಗಿವೆ.

ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯ ಪೌರರು. ಈ ನಿಯಮವು ಟಿಬೆಟನ್ನರಿಗೂ ಅನ್ವಯಿಸುತ್ತದೆ, ಅವರಿಗೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ ಎಂದು ದೆಹಲಿ ಉಚ್ಚ ನ್ಯಾಯಾಲಯವು 2016ರಲ್ಲಿ ತೀರ್ಪು ನೀಡಿತು. 1987ರ ನಂತರ ಹುಟ್ಟಿದವರ ವಿಷಯದಲ್ಲಿ ಹೆತ್ತವರ ಪೌರತ್ವವೂ ಗಣನೆಗೆ ಬರುತ್ತದೆ. ಆದುದರಿಂದ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ವಿದ್ಯಾರ್ಥಿಗಳ ಪ್ರಯಾಣ ದಾಖಲೆಗಳು ಬೇರೆ ಬೇರೆಯಾಗಿರಬಹುದು. ಎಲ್ಲರಿಗೂ ಒಂದೇ ಸಲಹೆ ಸಲ್ಲುವುದಿಲ್ಲ ಎಂಬುದನ್ನು ಶಿಕ್ಷಕರು ಗಮನದಲ್ಲಿಡಬೇಕಾಗುತ್ತದೆ.

ಸಂಸ್ಥೆ ಮತ್ತು ಮಧ್ಯವರ್ತಿಗಳ ಪರಿಶೀಲನೆ

ವಿದೇಶದಲ್ಲಿ ಉದ್ಯೋಗ ಕೊಡಿಸುವ ನೇಮಕಾತಿ ಏಜೆಂಟರು 1983ರ ಕಾಯ್ದೆಯಡಿ ನೋಂದಣಿಯಾಗಿರಬೇಕು. ಅವರ ಪಟ್ಟಿಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಆದರೆ ವಿದ್ಯಾರ್ಥಿಗಳಿಗೆ ಕಾಲೇಜು ಪ್ರವೇಶ ಕೊಡಿಸುವ ಸಲಹಾ ಕೇಂದ್ರಗಳಿಗೆ ಈ ನೋಂದಣಿ ಅನ್ವಯಿಸುವುದಿಲ್ಲ. ಹೀಗಾಗಿ ವ್ಯಾಸಂಗಕ್ಕೆ ಹೋಗುವವರು ತಾವೇ ಪರಿಶೀಲನೆ ಮಾಡಿಕೊಳ್ಳುವುದು ಅನಿವಾರ್ಯ.

ಪ್ರವೇಶ ಪತ್ರವನ್ನು ವಿಶ್ವವಿದ್ಯಾಲಯದ ಅಧಿಕೃತ ವಿಳಾಸಕ್ಕೆ ನೇರವಾಗಿ ಬರೆದು ಖಚಿತಪಡಿಸಿಕೊಳ್ಳುವುದು ಮೊದಲ ಹೆಜ್ಜೆ. ಮಧ್ಯವರ್ತಿಗಳು ಕೊಟ್ಟ ನಕಲಿ ಪ್ರವೇಶ ಪತ್ರಗಳಿಂದ ಹಲವು ಭಾರತೀಯ ವಿದ್ಯಾರ್ಥಿಗಳು ಕೆನಡಾದಲ್ಲಿ ಗಡೀಪಾರಿನ ಭೀತಿ ಎದುರಿಸಿದ ಪ್ರಕರಣ 2023ರಲ್ಲಿ ಬೆಳಕಿಗೆ ಬಂತು. ಆ ವರ್ಷದ ಡಿಸೆಂಬರ್ 1ರಿಂದ ಕೆನಡಾ ಸರ್ಕಾರವು ಪ್ರತಿಯೊಂದು ಪ್ರವೇಶ ಪತ್ರವನ್ನೂ ಸಂಬಂಧಿಸಿದ ಸಂಸ್ಥೆಯಿಂದಲೇ ದೃಢಪಡಿಸಿಕೊಳ್ಳತೊಡಗಿತು.

ವೈದ್ಯಕೀಯ ವ್ಯಾಸಂಗಕ್ಕೆ ಹೋಗುವವರು ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಾವಳಿಯನ್ನು ತಿಳಿದಿರಬೇಕು. ಅದರಂತೆ ವಿದೇಶದ ಕೋರ್ಸು ಕನಿಷ್ಠ 54 ತಿಂಗಳಿನದಾಗಿ ಇಂಗ್ಲಿಷ್ ಮಾಧ್ಯಮದಲ್ಲಿರಬೇಕು ಮತ್ತು ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ವಿದ್ಯಾರ್ಥಿಯು ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದಿರಬೇಕು. ಈ ಷರತ್ತುಗಳನ್ನು ಪೂರೈಸದ ಪದವಿಯಿಂದ ಭಾರತದಲ್ಲಿ ವೈದ್ಯ ವೃತ್ತಿ ನಡೆಸಲು ಸಾಧ್ಯವಾಗುವುದಿಲ್ಲ. ಜಮೀನು ಅಡವಿಟ್ಟು ಮಗನನ್ನೋ ಮಗಳನ್ನೋ ಓದಿಸುವ ಕುಟುಂಬಕ್ಕೆ ಇದು ಆರು ವರ್ಷಗಳ ನಂತರ ತಿಳಿಯುವ ವಿಷಯವಾಗಬಾರದು.

ಪದವಿ ಮತ್ತು ಅಂಕಪಟ್ಟಿಗಳಿಗೆ ಅಪೊಸ್ಟಿಲ್ ಎಂಬ ದೃಢೀಕರಣವನ್ನು ಕೆಲವು ದೇಶಗಳು ಕೇಳುತ್ತವೆ. 1961ರ ಹೇಗ್ ಒಪ್ಪಂದದಿಂದ ಬಂದ ಈ ವ್ಯವಸ್ಥೆಗೆ ಭಾರತವು 2005ರಲ್ಲಿ ಸೇರಿತು. ಜರ್ಮನಿಗೆ ವ್ಯಾಸಂಗಕ್ಕೆ ಹೋಗುವ ಭಾರತೀಯರು 2022ರ ನವೆಂಬರ್ 1ರಿಂದ 'ಎಪಿಎಸ್' ಎಂಬ ಶೈಕ್ಷಣಿಕ ದಾಖಲೆ ಪರಿಶೀಲನಾ ಪತ್ರವನ್ನು ಪಡೆಯಬೇಕಾಗಿದೆ.

ಕರ್ನಾಟಕ ಸರ್ಕಾರದ 'ಪ್ರಬುದ್ಧ' ಯೋಜನೆಯು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ವಿದ್ಯಾರ್ಥಿಗಳ ವಿದೇಶಿ ವ್ಯಾಸಂಗಕ್ಕೆ ನೆರವಾಗುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ಸೋಲಿಗರೂ ಸೇರಿದಂತೆ ಈ ಮೂರು ತಾಲ್ಲೂಕುಗಳ ಅನೇಕ ವಿದ್ಯಾರ್ಥಿಗಳು ಇವುಗಳ ವ್ಯಾಪ್ತಿಗೆ ಬರುತ್ತಾರೆ.

ಆರೋಗ್ಯ

ಪ್ರಯಾಣಕ್ಕೆ ಮೊದಲು ವೈದ್ಯಕೀಯ ತಪಾಸಣೆ, ಹಲ್ಲು ಮತ್ತು ಕಣ್ಣಿನ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು ವಾಡಿಕೆ. ವಿದೇಶದಲ್ಲಿ ಈ ಚಿಕಿತ್ಸೆಗಳು ದುಬಾರಿಯಾಗಿದ್ದು, ವಿಮೆಯ ವ್ಯಾಪ್ತಿಗೆ ಬಾರದಿರಬಹುದು. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಅದನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಪಡೆಯಬೇಕು. ಪ್ರಮಾಣಪತ್ರವು ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರ ಸಿಂಧುವಾಗುತ್ತದೆ ಮತ್ತು 2016ರಿಂದ ಅದಕ್ಕೆ ಜೀವಿತಾವಧಿಯ ಮಾನ್ಯತೆಯಿದೆ. ಬ್ರಿಟನ್ನಿಗೆ 6 ತಿಂಗಳಿಗೂ ಹೆಚ್ಚು ಅವಧಿಗೆ ಹೋಗುವ ಭಾರತೀಯರು ನಿಗದಿತ ಆಸ್ಪತ್ರೆಗಳಲ್ಲಿ ಕ್ಷಯರೋಗದ ಪರೀಕ್ಷೆ ಮಾಡಿಸಿಕೊಳ್ಳಬೇಕು.

ನಿತ್ಯದ ಔಷಧಿಗಳನ್ನು ಒಯ್ಯುವವರು ವೈದ್ಯರ ಚೀಟಿಯನ್ನು ಜೊತೆಯಲ್ಲಿಡಬೇಕು. ಕೋಡೀನ್, ಟ್ರಮಡಾಲ್ ಮೊದಲಾದವು ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಯಂತ್ರಿತ ಔಷಧಿಗಳು. ಅನುಮತಿಯಿಲ್ಲದೆ ಒಯ್ದರೆ ಮಾದಕ ವಸ್ತುವಿನ ಪ್ರಕರಣವಾಗಬಹುದು.

ದೇಹದ ಆರೋಗ್ಯದಷ್ಟೇ ಮನಸ್ಸಿನ ಆರೋಗ್ಯವೂ ಮುಖ್ಯ. ಒಂಟಿತನ, ಚಳಿಗಾಲದ ಕತ್ತಲೆ, ಪರೀಕ್ಷೆಯ ಸೋಲು, ಸಾಲದ ಭಾರಗಳನ್ನು ಮನೆಯವರಿಂದ ಮುಚ್ಚಿಡುವ ಪ್ರವೃತ್ತಿ ವಿದ್ಯಾರ್ಥಿಗಳಲ್ಲಿ ಕಾಣುತ್ತದೆ. ಹಲವು ವಿಶ್ವವಿದ್ಯಾಲಯಗಳಲ್ಲಿ ಉಚಿತ ಆಪ್ತಸಲಹಾ ಸೇವೆ ಇರುತ್ತದೆ.

ಹಣಕಾಸು

ಭಾರತೀಯ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಬ್ಬ ನಿವಾಸಿಯು ಒಂದು ಆರ್ಥಿಕ ವರ್ಷದಲ್ಲಿ 2,50,000 ಅಮೆರಿಕನ್ ಡಾಲರುಗಳವರೆಗೆ ಹೊರದೇಶಕ್ಕೆ ಕಳುಹಿಸಬಹುದು. ವಿದೇಶಿ ನೋಟುಗಳ ರೂಪದಲ್ಲಿ ಜೊತೆಗೆ ಒಯ್ಯಲು ಬಹುತೇಕ ದೇಶಗಳಿಗೆ 3,000 ಡಾಲರುಗಳ ಮಿತಿಯಿದೆ. ಉಳಿದುದನ್ನು ಪ್ರಯಾಣ ಕಾರ್ಡ್ ಅಥವಾ ಬ್ಯಾಂಕ್ ಮೂಲಕ ಒಯ್ಯಬೇಕು.

ಕೆಲವು ದೇಶಗಳು ಜೀವನ ವೆಚ್ಚದ ಹಣವನ್ನು ಮೊದಲೇ ತೋರಿಸಲು ಕೇಳುತ್ತವೆ. ಜರ್ಮನಿಯು 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋಗಳನ್ನು ನಿರ್ಬಂಧಿತ ಖಾತೆಯಲ್ಲಿಡಬೇಕೆಂದು ನಿಗದಿಪಡಿಸಿತು. ಆ ಖಾತೆಯಿಂದ ತಿಂಗಳಿಗೆ ನಿಗದಿತ ಮೊತ್ತ ಮಾತ್ರ ಕೈಗೆ ಬರುತ್ತದೆ. ಬಿಡುವಿನ ವೇಳೆಯಲ್ಲಿ ದುಡಿದು ಶುಲ್ಕ ಕಟ್ಟಬಹುದೆಂಬ ಲೆಕ್ಕಾಚಾರ ಎಲ್ಲ ಕಡೆಯೂ ಸರಿಹೋಗುವುದಿಲ್ಲ. ತರಗತಿಗಳು ನಡೆಯುವ ಅವಧಿಯಲ್ಲಿ ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ವಾರಕ್ಕೆ 20 ಗಂಟೆ, ಆಸ್ಟ್ರೇಲಿಯದಲ್ಲಿ ಎರಡು ವಾರಕ್ಕೆ 48 ಗಂಟೆ, ಕೆನಡಾದಲ್ಲಿ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆಗಳ ದುಡಿಮೆಗೆ ಮಾತ್ರ ಅವಕಾಶವಿದೆ. ಮಿತಿ ಮೀರಿದರೆ ವೀಸಾ ರದ್ದಾಗಬಹುದು.

ಸಾಮಾನು ಮತ್ತು ಸ್ಥಳೀಯ ಕಾನೂನು

ಮನೆಯವರು ಪ್ರೀತಿಯಿಂದ ಕಟ್ಟಿಕೊಡುವ ಬುತ್ತಿಯೇ ಆಪತ್ತಿಗೆ ಕಾರಣವಾಗುವುದುಂಟು. ಇದಕ್ಕೆ ಗಸಗಸೆ ಒಳ್ಳೆಯ ಉದಾಹರಣೆ. ಕರ್ನಾಟಕದ ಹಬ್ಬದ ಪಾಯಸಕ್ಕೆ ಬಳಸುವ ಗಸಗಸೆಯು ಅಫೀಮಿನ ಗಿಡದ ಬೀಜವಾದ್ದರಿಂದ ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯ ಮುಂತಾದ ದೇಶಗಳಲ್ಲಿ ನಿಷಿದ್ಧವಾಗಿದೆ. ಮಸಾಲೆ ಪುಡಿಯ ಪೊಟ್ಟಣದಲ್ಲಿ ಅದು ಬೆರೆತಿದ್ದರೂ ಬಂಧನದ ಸಂಭವವಿದೆ. ಆಸ್ಟ್ರೇಲಿಯಕ್ಕೆ ಬೀಜ, ಹಾಲಿನ ಪದಾರ್ಥ, ಹಣ್ಣು, ಸಸ್ಯಮೂಲದ ವಸ್ತುಗಳನ್ನು ಒಯ್ಯುವವರು ಅವನ್ನು ಪ್ರವೇಶ ಪತ್ರದಲ್ಲಿ ಘೋಷಿಸಬೇಕು. ಘೋಷಿಸಿದ ವಸ್ತುವನ್ನು ಅಧಿಕಾರಿಗಳು ತೆಗೆದುಕೊಳ್ಳಬಹುದು ಅಷ್ಟೆ. ಮುಚ್ಚಿಟ್ಟರೆ ದಂಡ ತೆರಬೇಕಾಗುತ್ತದೆ.

ಬೇರೆಯವರು ಕೊಟ್ಟ ಪೊಟ್ಟಣವನ್ನು ಒಳಗೇನಿದೆಯೆಂದು ತಿಳಿಯದೆ ಒಯ್ಯಬಾರದು ಎಂಬುದು ಪ್ರಯಾಣ ಸುರಕ್ಷತೆಯ ಮೂಲ ನಿಯಮಗಳಲ್ಲೊಂದು. ಊರಿನವರು 'ನಮ್ಮ ಹುಡುಗನಿಗೆ ಇದನ್ನು ತಲುಪಿಸಿಬಿಡು' ಎಂದಾಗ ಇಲ್ಲವೆನ್ನುವುದು ಹಳ್ಳಿಯ ಸಂಬಂಧಗಳಲ್ಲಿ ಕಷ್ಟ. ಎದುರಿಗೇ ಬಿಚ್ಚಿ ನೋಡಿ ತೆಗೆದುಕೊಳ್ಳುವುದು ಅವಮಾನವಲ್ಲ ಎಂಬುದನ್ನು ವಿದ್ಯಾರ್ಥಿಗೂ ಪೋಷಕರಿಗೂ ಮನವರಿಕೆ ಮಾಡಿಕೊಡಬೇಕಾಗುತ್ತದೆ.

ರಾಯಭಾರ ಕಚೇರಿ ಮತ್ತು ತುರ್ತು ನೆರವು

ವಿದೇಶಾಂಗ ವ್ಯವಹಾರಗಳ ಸಚಿವಾಲಯವು 2015ರಲ್ಲಿ 'ಮದದ್' ಎಂಬ ಜಾಲತಾಣವನ್ನು ಆರಂಭಿಸಿತು. ವಿದೇಶದಲ್ಲಿರುವ ಭಾರತೀಯರು ಇದರ ಮೂಲಕ ದೂರು ಸಲ್ಲಿಸಬಹುದು. ವಿದ್ಯಾರ್ಥಿಗಳು ತಮ್ಮ ವಿಳಾಸ ಮತ್ತು ಸಂಪರ್ಕ ಸಂಖ್ಯೆಯನ್ನು ನೋಂದಾಯಿಸಿಕೊಳ್ಳಲೂ ಅವಕಾಶವಿದೆ. ನೋಂದಣಿಯಾಗದ ವಿದ್ಯಾರ್ಥಿ ಎಲ್ಲಿದ್ದಾನೆಂಬುದು ಆಪತ್ಕಾಲದಲ್ಲಿ ರಾಯಭಾರ ಕಚೇರಿಗೆ ತಿಳಿಯುವುದಿಲ್ಲ.

ಪಾಸ್‌ಪೋರ್ಟ್ ಕಳೆದುಹೋದರೆ ಮೊದಲು ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿಯೊಂದಿಗೆ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಅಲ್ಲಿ ಹೊಸ ಪಾಸ್‌ಪೋರ್ಟ್ ಅಥವಾ ಭಾರತಕ್ಕೆ ಮರಳಲು ಮಾತ್ರ ಬಳಸಬಹುದಾದ ತುರ್ತು ಪ್ರಮಾಣಪತ್ರ ದೊರೆಯುತ್ತದೆ. ಬಂಧನಕ್ಕೊಳಗಾದ ವಿದೇಶೀಯನು ತನ್ನ ದೇಶದ ರಾಯಭಾರ ಕಚೇರಿಗೆ ವಿಷಯ ತಿಳಿಸುವಂತೆ ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿ ನೀಡಿದೆ. ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಈ ಹಕ್ಕನ್ನು ಕೇಳಿ ಪಡೆಯಬೇಕು.

ತುರ್ತು ದೂರವಾಣಿ ಸಂಖ್ಯೆಯು ಯುರೋಪಿನ ಒಕ್ಕೂಟದ ದೇಶಗಳಲ್ಲಿ 112, ಅಮೆರಿಕ ಮತ್ತು ಕೆನಡಾಗಳಲ್ಲಿ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯದಲ್ಲಿ 000 ಆಗಿದೆ. ಅಮೆರಿಕದ 'ಅಕ್ಕ', ಬ್ರಿಟನ್ನಿನ ಕನ್ನಡ ಬಳಗ, ಸಿಂಗಪುರದ ಕನ್ನಡ ಸಂಘ ಮುಂತಾದ ಸಂಘಟನೆಗಳು ಹೊಸದಾಗಿ ಬಂದವರಿಗೆ ಪರಿಚಯದ ಬಳಗ ಒದಗಿಸುತ್ತವೆ. ಆದರೆ ಅಧಿಕೃತ ನೆರವಿಗೆ ಅವು ಬದಲಿಯಲ್ಲ.

ಕರ್ನಾಟಕದ ಅನುಭವಗಳು

2022ರ ಫೆಬ್ರವರಿ 15ರಂದು ಕೀವ್ ನಗರದ ಭಾರತೀಯ ರಾಯಭಾರ ಕಚೇರಿಯು, ಉಳಿಯುವುದು ಅನಿವಾರ್ಯವಲ್ಲದ ಭಾರತೀಯರು, ವಿಶೇಷವಾಗಿ ವಿದ್ಯಾರ್ಥಿಗಳು, ಉಕ್ರೇನನ್ನು ತಾತ್ಕಾಲಿಕವಾಗಿ ಬಿಡುವ ಬಗ್ಗೆ ಯೋಚಿಸಬೇಕೆಂದು ಸೂಚನೆ ಹೊರಡಿಸಿತು. ತರಗತಿ ತಪ್ಪುವ ಆತಂಕ, ದುಬಾರಿ ಟಿಕೆಟ್ ಮೊದಲಾದ ಕಾರಣಗಳಿಂದ ಅನೇಕರು ಅಲ್ಲಿಯೇ ಉಳಿದರು. ಫೆಬ್ರವರಿ 24ರಂದು ಯುದ್ಧ ಆರಂಭವಾಗಿ ವಾಯುಮಾರ್ಗ ಮುಚ್ಚಿತು. ಮಾರ್ಚ್ 1ರಂದು ಹಾರ್ಕಿವ್ ನಗರದಲ್ಲಿ ಆಹಾರ ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಯಲ್ಲಿ ಮೃತಪಟ್ಟ. ಮರುದಿನ ರಾಯಭಾರ ಕಚೇರಿಯು ಹಾರ್ಕಿವ್‌ನಲ್ಲಿದ್ದವರಿಗೆ, ವಾಹನ ಸಿಗದಿದ್ದರೆ ನಡೆದಾದರೂ ನಗರ ಬಿಡುವಂತೆ ತಿಳಿಸಿತು. 'ಆಪರೇಷನ್ ಗಂಗಾ' ಕಾರ್ಯಾಚರಣೆಯೂ ಸೇರಿದಂತೆ ಆ ವೇಳೆಯಲ್ಲಿ 22 ಸಾವಿರಕ್ಕೂ ಹೆಚ್ಚು ಭಾರತೀಯರು ಮರಳಿದರು. ಮೊದಲ ಸೂಚನೆಗೂ ಯುದ್ಧಕ್ಕೂ ನಡುವೆ 9 ದಿನಗಳಿದ್ದವು. ಇಂತಹ ಸೂಚನೆ ಬಂದಾಗ ಮರಳಲು ಬೇಕಾದ ಟಿಕೆಟ್ಟಿನ ಹಣವನ್ನು ಬೇರೆಯಾಗಿ ಇಟ್ಟಿರಬೇಕೆಂಬುದು, ಮಗ ಅಥವಾ ಮಗಳು ಓದು ಬಿಟ್ಟು ಬಂದರೆ ಮನೆಯವರು ದೂಷಿಸಬಾರದೆಂಬುದು ಈ ಘಟನೆಯಿಂದ ಕಲಿಯಬಹುದಾದ ಪಾಠ.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಅಂತರ್ಯುದ್ಧ ಆರಂಭವಾದಾಗ, ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಹಲವರು ಎಲ್ ಫಾಷರ್ ನಗರದಲ್ಲಿ ಸಿಕ್ಕಿಕೊಂಡರು. ಅವರಲ್ಲಿ ಮೈಸೂರು ಜಿಲ್ಲೆಯ ಹುಣಸೂರಿನವರೂ ಇದ್ದರು. 'ಆಪರೇಷನ್ ಕಾವೇರಿ' ಮೂಲಕ 3,862 ಜನರನ್ನು ಸುಡಾನಿನಿಂದ ಹೊರತರಲಾಯಿತು. ಭದ್ರತಾ ಸಹಾಯಕರ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಯುದ್ಧಭೂಮಿಗೆ ತಳ್ಳಲ್ಪಟ್ಟು, 2024ರಲ್ಲಿ ಮರಳಿದರು. ಥಾಯ್ಲೆಂಡಿನ ಕಂಪ್ಯೂಟರ್ ಕೆಲಸವೆಂದು ಕರೆದೊಯ್ದು ಮ್ಯಾನ್ಮಾರಿನ ವಂಚನೆಯ ಕೇಂದ್ರಗಳಲ್ಲಿ ದುಡಿಸುವ ಜಾಲದ ಬಗ್ಗೆ ವಿದೇಶಾಂಗ ವ್ಯವಹಾರಗಳ ಸಚಿವಾಲಯವು 2022ರ ಸೆಪ್ಟೆಂಬರ್‌ನಲ್ಲಿಯೇ ಎಚ್ಚರಿಕೆ ನೀಡಿತ್ತು.

ತರಗತಿಯಲ್ಲಿ ಬೋಧನೆ

ಈ ವಿಷಯಕ್ಕೆ ಪ್ರತ್ಯೇಕ ಪಠ್ಯಪುಸ್ತಕದ ಅಗತ್ಯವಿಲ್ಲ. ಈಗಿರುವ ಪಾಠಗಳೊಂದಿಗೇ ಹೊಂದಿಸಿ ಕಲಿಸಬಹುದು.

8ನೆಯ ತರಗತಿ: ಭೂಗೋಳದ ಪಾಠದೊಂದಿಗೆ ರೇಖಾಂಶ, ಕಾಲಮಾನದ ವ್ಯತ್ಯಾಸ, ಗಡಿಗಳ ಪರಿಚಯ. ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಹೋಗುವಾಗ ಸಿಗುವ ಪಾಲಾರ್ ಗಡಿಯಲ್ಲಿ ರಾಜ್ಯ ಬದಲಾದರೂ ದೇಶ ಬದಲಾಗುವುದಿಲ್ಲ. ದೇಶದ ಗಡಿ ದಾಟಿದಾಗ ಕಾನೂನೇ ಬದಲಾಗುತ್ತದೆ ಎಂಬ ವ್ಯತ್ಯಾಸವನ್ನು ಇದರಿಂದ ವಿವರಿಸಬಹುದು.

9ನೆಯ ತರಗತಿ: ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲಾ ದಾಖಲಾತಿಯಲ್ಲಿನ ಹೆಸರುಗಳನ್ನು ಒಂದೇ ಹಾಳೆಯಲ್ಲಿ ಬರೆದು ತಾಳೆ ನೋಡುವುದು.

10ನೆಯ ತರಗತಿ: ಪರೀಕ್ಷಾ ಮಂಡಳಿಗೆ ಹೋಗುವ ವಿವರಗಳನ್ನು ಪೋಷಕರ ಸಮ್ಮುಖದಲ್ಲಿ ಓದಿ ಒಪ್ಪಿಗೆ ಪಡೆಯುವುದು, ವಲಸೆ ಅನುಮತಿಯ ನಿಯಮವನ್ನು ತಿಳಿಸುವುದು.

ಪದವಿಪೂರ್ವ ಮತ್ತು ಪದವಿ: ಜಾಹೀರಾತೊಂದನ್ನು ಮುಂದಿಟ್ಟು ಸಂಸ್ಥೆಯ ಅಸ್ತಿತ್ವ, ಶುಲ್ಕ, ಮಾನ್ಯತೆಗಳನ್ನು ಹುಡುಕುವ ಅಭ್ಯಾಸ, ವಲಸೆ ಅಧಿಕಾರಿಯ ಪ್ರಶ್ನೆಗಳಿಗೆ ಉತ್ತರಿಸುವ ಅಭಿನಯ, ಕಳೆದ ಪಾಸ್‌ಪೋರ್ಟ್ ಬಗ್ಗೆ ದೂರು ಬರೆಯುವುದು.

ಸ್ಥಳೀಯ ಅನುಭವದಿಂದ ಹೊರಟ ಪಾಠ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ. ಮಹದೇಶ್ವರ ಬೆಟ್ಟದ ಜಾತ್ರೆಗೆ ಮಕ್ಕಳನ್ನು ಕರೆದೊಯ್ಯುವ ಹಿರಿಯರು ತಪ್ಪಿಸಿಕೊಂಡರೆ ಎಲ್ಲಿ ಬಂದು ನಿಲ್ಲಬೇಕೆಂದು ಮೊದಲೇ ಹೇಳಿರುತ್ತಾರೆ. ದುಡ್ಡನ್ನು ಒಂದೇ ಕಡೆ ಇಡುವುದಿಲ್ಲ. ಕಾಲ್ನಡಿಗೆಯಲ್ಲಿ ಹೋಗುವವರು ಗುಂಪು ಬಿಟ್ಟು ಕಾಡುದಾರಿಗೆ ಇಳಿಯುವುದಿಲ್ಲ. ಸೇರುವ ಜಾಗ, ಹಂಚಿಟ್ಟ ಹಣ, ಜೊತೆಗಾರರು ಎಂಬ ಈ ಮೂರೂ ವಿದೇಶ ಪ್ರಯಾಣಕ್ಕೂ ಸಲ್ಲುವ ಸೂತ್ರಗಳು. ಅಂತೆಯೇ ದಾಖಲೆಗಳ ಒಂದು ಪ್ರತಿ ಕೈಯಲ್ಲಿ, ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ಡಿಜಿಲಾಕರ್ ಅಥವಾ ಮಿಂಚಂಚೆಯಲ್ಲಿ ಇರಬೇಕೆಂದು ಕಲಿಸಲಾಗುತ್ತದೆ.

ಪೋಷಕರನ್ನೂ ಈ ಪಾಠದಲ್ಲಿ ಸೇರಿಸಿಕೊಳ್ಳುವುದು ಅವಶ್ಯಕ. ಮಗನ ಅಥವಾ ಮಗಳ ವಿಶ್ವವಿದ್ಯಾಲಯದ ಹೆಸರು, ವಾಸದ ವಿಳಾಸ, ಜೊತೆಯಲ್ಲಿರುವ ಒಬ್ಬ ಗೆಳೆಯನ ಸಂಖ್ಯೆ, ರಾಯಭಾರ ಕಚೇರಿಯ ಸಂಖ್ಯೆಗಳನ್ನು ಕನ್ನಡದಲ್ಲಿ ಬರೆದು ಮನೆಯಲ್ಲಿಡಬೇಕು. ಮಗನು ಬಂಧನದಲ್ಲಿದ್ದಾನೆ, ತಕ್ಷಣ ಹಣ ಕಳುಹಿಸಿ ಎಂದು ಬರುವ ವಂಚನೆಯ ಕರೆಗಳನ್ನು ಎದುರಿಸಲು ಈ ಒಂದು ಹಾಳೆ ನೆರವಾಗುತ್ತದೆ.

ಮಿತಿಗಳು

ವೀಸಾ ನಿಯಮ, ಶುಲ್ಕ, ದುಡಿಮೆಯ ಅವಧಿಗಳು ಆಗಾಗ್ಗೆ ಬದಲಾಗುವುದರಿಂದ ಒಮ್ಮೆ ಸಿದ್ಧಪಡಿಸಿದ ಪಾಠ ಬಹುಕಾಲ ಸರಿಯಾಗಿ ಉಳಿಯುವುದಿಲ್ಲ. ಪ್ರಯಾಣದ ಸಮಯದಲ್ಲಿ ಆಯಾ ದೇಶದ ಮತ್ತು ಭಾರತ ಸರ್ಕಾರದ ಅಧಿಕೃತ ಮಾಹಿತಿಯನ್ನೇ ನೋಡಬೇಕು. ಈ ಮಾಹಿತಿಯ ಹೆಚ್ಚಿನ ಭಾಗ ಇಂಗ್ಲಿಷ್ ಮತ್ತು ಹಿಂದಿಯಲ್ಲಿದ್ದು, ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ನೇರವಾಗಿ ಎಟುಕುವುದಿಲ್ಲ. ನಿಯಮಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಯಾವ ವಿಷಯವನ್ನು ಯಾರಲ್ಲಿ ಕೇಳಬೇಕು, ಕೇಳಿದ್ದನ್ನು ಹೇಗೆ ಖಚಿತಪಡಿಸಿಕೊಳ್ಳಬೇಕು ಎಂಬ ಅಭ್ಯಾಸವನ್ನು ಬೆಳೆಸುವುದು ಈ ಶಿಕ್ಷಣದ ಮುಖ್ಯ ಗುರಿಯಾಗಿದೆ.